ಲಕ್ಕಣ್ಣನ ಮುಲಾಮು

ಕೈ ತೊಳೆದು, ಮಾಸ್ಕ್ ಕಟ್ಟಿ, ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು ಅಂಗಿ ಬಿಚ್ಚಿ ಕೂತ ಮೇಲೆ ಲಕ್ಕಣ್ಣನಿಗೆ ಗೊತ್ತಾಯಿತು, ಮುಲಾಮು ಇಲ್ಲ ಅಂತ.

ಅವನ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ಹೊಟ್ಟೆಯಿಂದ ಹೊರಬಂದ ತೆಳು ಟ್ಯೂಬಿನ ಮೂಲಕ ಚೀಲದ ಔಷಧಿ ನೀರನ್ನು ಒಳಗೆ ಬಿಟ್ಟು, ಆಮೇಲೆ ಬಸಿದು ಹಾಕುವುದೇ ಅವನ ಡಯಾಲಿಸಿಸ್. ಮನೆಯಲ್ಲೇ ನಡೆಯುತ್ತಿತ್ತು, ಅದೊಂದೇ ಪುಣ್ಯ. ಟ್ಯೂಬು ಹೊರಬರುವ ಜಾಗಕ್ಕೆ ಸೋಂಕು ತಗಲದಂತೆ ದಿನಾ ಚೂರು ಮುಲಾಮು ಸವರಬೇಕು. ಹೋದ ವಾರ ಅಲ್ಲಿ ಕೆಂಪಗಾಗಿತ್ತು. ನರ್ಸ್ ತಾಹೆರಾ ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿ, "ಮುಲಾಮು ತಪ್ಪಿಸ್ಬೇಡಿ ಅಂಕಲ್. ಸೋಂಕು ಒಳಗೆ ಹೋದ್ರೆ ಟ್ಯೂಬ್ ತೆಗೆದು ಆಸ್ಪತ್ರೆ ಮಷೀನ್‌ಗೇ ಹಾಕ್ಬೇಕಾಗುತ್ತೆ" ಅಂದಿದ್ದಳು. ಇವತ್ತು ರಿಪೋರ್ಟು.

ಆ ಮಷೀನೆಂದರೆ ಲಕ್ಕಣ್ಣನಿಗೆ ಜೀವ ಹೋಗುವಷ್ಟು ಭಯ. ದೊಡ್ಡಪ್ಪನ ಮಗ ಮುನಿಯಣ್ಣ ದಿನ ಬಿಟ್ಟು ದಿನ ಅದಕ್ಕೆ ಹೋಗಿ, ಗಾಣಕ್ಕೆ ಕೊಟ್ಟ ಕಬ್ಬಿನ ಸಿಪ್ಪೆಯಂತಾಗಿ ಬರುತ್ತಿದ್ದ. ಒಂದು ದಿನ ಬರಲೇ ಇಲ್ಲ.

"ಲೇ, ಮುಲಾಮೆಲ್ಲೇ?"

"ದೇವ್ರ ಗೂಡಲ್ಲೇ ಇತ್ತಲ್ಲ," ಅಂದಳು ಹೆಂಡತಿ ಪಟಾಲಮ್ಮ ಅಡುಗೆಮನೆಯಿಂದ. "ಆಂ, ಮಾರಕ್ಕ ಇಸ್ಕಂಡೋದ್ಲು. ಇನ್ನೇನ್ ತಂದ್ಕೊಡ್ತಾಳೆ ಬುಡಿ."

ಗಂಡನ ಜೀವ ಕಾಯುವ ವಸ್ತು ದೇವರ ಪಕ್ಕದಲ್ಲೇ ಇರಲಿ ಅಂತ ಅವಳು ಅದನ್ನು ವಿಭೂತಿ ಗಟ್ಟಿಯ ಜೊತೆ ಇಟ್ಟಿದ್ದಳು. ಬಂದವರೆಲ್ಲ ಹಣೆಗೆ ವಿಭೂತಿ, ಗಾಯಕ್ಕೆ ಮುಲಾಮು ಇಟ್ಟುಕೊಂಡು ಹೋಗುತ್ತಿದ್ದರು.

ಲಕ್ಕಣ್ಣ ಅಂಗಿ ಹಾಕಿಕೊಂಡು ಹೋದಾಗ ಪಕ್ಕದ ಮನೆಯ ಮಾರಕ್ಕ ಹಸು ಕಟ್ಟುತ್ತಿದ್ದಳು. "ಅಸೀನ ಕೆಚ್ಚಲು ಒಡ್ದಿತ್ತು ಕಣಣ್ಣ, ಒಸಿ ಅಚ್ದೆ. ನಿಮ್ ಔಷ್ದಿ ಚಿನ್ನ ಬುಡಿ! ಈಗ ಎದ್ರುಮನೆ ಸೊಣ್ಣಪ್ಪಣ್ಣ ಇಸ್ಕಂಡೋದ್ರು."

ಸೊಣ್ಣಪ್ಪ ತನ್ನ ಮನೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಒಡೆದ ಹಿಮ್ಮಡಿ ಮುಲಾಮಿನಿಂದ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ಮುಲಾಮಿನ ಖಾಲಿ ಟ್ಯೂಬು ಬೀಡಿಯಂತೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

"ಬಾ ಬಾ ಡಾಕ್ಟ್ರೆ! ಉರಿ ಬಂದಾಗ ಒಂದ್ ದಿನ ಅಚ್ತೀನಿ, ನಿಂತ್ರೆ ಬುಡ್ತೀನಿ. ನೀನೇ ಏಳ್ಕೊಟ್ಟಿದ್ದಲ್ಲ!"

ಲಕ್ಕಣ್ಣ ಆ ಟ್ಯೂಬನ್ನು ಎತ್ತಿ ಹಿಂಡಿ ನೋಡಿದ. ಸುಳ್ಳೇನಲ್ಲ. ಸೊಣ್ಣಪ್ಪನ ಕುರುವಿಗೆ ಮೊದಲು ಮುಲಾಮು ಹಚ್ಚಿದವನೇ ಅವನು. ಕಾಯಿಲೆ ಬಿದ್ದ ಮೇಲೆ ಪಂಚಾಯ್ತಿ, ಮದುವೆ ಮಾತುಕತೆ ಯಾವುದಕ್ಕೂ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಕುರು ಒಣಗಿ 'ಡಾಕ್ಟ್ರು' ಅನ್ನಿಸಿಕೊಂಡಾಗ ಹಾಳು ಖುಷಿಯಾಗಿತ್ತು. ಆಮೇಲೆ ಕೇಳಿ ಬಂದವರ ಮೈಗೆಲ್ಲ ಸವರಿದ್ದ.

ಮೆಡಿಕಲ್ ಶಾಪಿಗೆ ಓಡಿದ. ಅಂಗಡಿಯ ಜಗನ್ ಕೈ ಆಡಿಸಿದ. "ಖಾಲಿ ಅಣ್ಣ. 'ಲಕ್ಕಣ್ಣನ ಮುಲಾಮು ಕೊಡಿ' ಅಂತಾನೇ ಕೇಳ್ತಾರೆ. ಮೊಡವೆಗೂ ಅದೇ, ಶೂ ಕಚ್ಚಿದ್ರೂ ಅದೇ. ನಿಮ್ಮಿಂದ ಒಳ್ಳೆ ಬಿಸ್ನೆಸ್ ಗುರುವೇ!"

ಬರಿಗೈಯಲ್ಲೇ ಆಟೊ ಹತ್ತಿ ಯಲಹಂಕದ ಆಸ್ಪತ್ರೆಗೆ ಹೋದ. ಇವತ್ತು ಹಚ್ಚಿಲ್ಲ ಅಂದರೆ ಬೈಸಿಕೊಳ್ಳಬೇಕಲ್ಲ ಅಂತ ದಾರಿಯುದ್ದಕ್ಕೂ ಸುಳ್ಳು ಹೊಸೆಯುತ್ತಾ ಕೂತಿದ್ದ. ಸುಳ್ಳು ಬೇಕಾಗಲೇ ಇಲ್ಲ.

"ಹಚ್ಚಿದ್ರೂ ಅಷ್ಟೇ, ಬಿಟ್ರೂ ಅಷ್ಟೇ," ಅಂದರು ಡಾಕ್ಟರ್ ಮುಬಶ್ಶಿರ್ ರಿಪೋರ್ಟು ನೋಡಿ. "ನಿಮ್ಮ ಹೊಟ್ಟೆ ಮೇಲಿರೋ ಕ್ರಿಮಿಗೆ ಈ ಮುಲಾಮು ನಾಟ್ತಾನೇ ಇಲ್ಲ. ಸಿಕ್ಕಸಿಕ್ಕಿದ್ದಕ್ಕೆಲ್ಲ ಅರ್ಧಂಬರ್ಧ ಹಚ್ಚಿದ್ರೆ ಕ್ರಿಮಿ ಸಾಯಲ್ಲ, ಆ ಔಷಧಿಗೇ ಪಳಗುತ್ತೆ. ಪಳಗಿದ್ದು ಒಬ್ಬರಿಂದ ಒಬ್ಬರಿಗೆ ಬರುತ್ತೆ. ಮನೇಲಿ ಬೇರೆ ಯಾರಾದ್ರೂ ಬಳಸ್ತಾರಾ?"

"ಮನೇಲಿ ಯಾರೂ ಇಲ್ಲ ಸಾರ್," ಅಂದ ಲಕ್ಕಣ್ಣ. ಮನೆಯೊಳಗಿನ ಮಟ್ಟಿಗೆ ಅದು ನಿಜವೇ ಆಗಿತ್ತು. ಕಣ್ಣ ಮುಂದೆ ಸೊಣ್ಣಪ್ಪನ ಹಿಮ್ಮಡಿ ಬಂತು, ಹಸುವಿನ ಕೆಚ್ಚಲು ಬಂತು. ಎಲ್ಲರ ಹಿಂದೆ ಮುನಿಯಣ್ಣ ನಿಂತಿದ್ದ.

ಡಾಕ್ಟರು ಮಾತ್ರೆಗಳ ಜೊತೆ ಬೇರೊಂದು ಮುಲಾಮು ಕೊಟ್ಟರು. "ಇದೂ ಕೆಲಸ ಮಾಡ್ಲಿಲ್ಲ ಅಂದ್ರೆ ಹೊಟ್ಟೆಯ ಟ್ಯೂಬ್ ಉಳಿಯೋದು ಕಷ್ಟ. ಜೋಪಾನ."

ಮನೆ ತಲುಪಿದಾಗ ಜಗಲಿಯ ಮೇಲೆ ಮಾರಕ್ಕ, ಸೊಣ್ಣಪ್ಪ ಇಬ್ಬರೂ ತಪ್ಪು ಮಾಡಿದ ಮುಖ ಹೊತ್ತು ಕೂತಿದ್ದರು. ಅಬ್ಬಿಗೆರೆವರೆಗೂ ಹೋಗಿ ಅದೇ ಹಳೇ ಮುಲಾಮಿನ ಟ್ಯೂಬುಗಳನ್ನು ಕವರಿನ ತುಂಬ ತಂದಿದ್ದರು. "ತಪ್ಪಾಯ್ತು ಕಣಪ್ಪ," ಅಂದ ಸೊಣ್ಣಪ್ಪ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಕ್ರಿಮಿಯ ವಿಷಯ ಈಗ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಬೀದಿಗೆಲ್ಲ ಮುಲಾಮು ಹಂಚಿದ 'ಡಾಕ್ಟ್ರು' ಯಾರು ಅನ್ನುವುದೂ ಹೊರಬೀಳುತ್ತದಲ್ಲ. ನಾಚಿಕೆಯಾಯಿತು. "ಇರ್ಲಿ ಬುಡು," ಅಂದು ಲಕ್ಕಣ್ಣ ಒಳಗೆ ಹೋದ. ಹೊಸ ಮುಲಾಮನ್ನು ಹೆಂಡತಿಯ ಕೈಗಿಟ್ಟು, "ಜೋಪಾನ ಕಣೇ" ಅಂತಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಮಾಸ್ಕ್ ಕಟ್ಟಿದ. ಫ್ಯಾನ್ ಆರಿಸಿದ. ಬಾಗಿಲು ಹಾಕಿ, ಅಂಗಿ ಬಿಚ್ಚಿ ಕೂತ. ಕೆಂಪು ಬೆಳಗ್ಗೆಗಿಂತ ಅಗಲವಾಗಿತ್ತು.

"ಲೇ, ಹೊಸಾ ಮುಲಾಮು ಕೊಡೇ."

"ಹೊಸದು ಅಂತ ತೋರಿಸ್ದೆ," ಅಂದಳು ಪಟಾಲಮ್ಮ ಬಾಗಿಲಾಚೆಯಿಂದ. "ಮಾರಕ್ಕ ಇಸ್ಕಂಡೋದ್ಲು. ಇನ್ನೇನ್ ತಂದ್ಕೊಡ್ತಾಳೆ ಬುಡಿ."