ನಾನು ಕಣ್ಣಿನ ಹನಿ ದಾನ ಮಾಡಿದ್ದು

ಔಷಧಿ ಹಾಕಿಕೊಳ್ಳುವುದರಲ್ಲಿ ನನ್ನಷ್ಟು ಶಿಸ್ತಿನ ಹೆಂಗಸು ಇಡೀ ದಾಂಡೇಲಿಯಲ್ಲೇ ಇರಲಿಲ್ಲ! ಎಡಕ್ಕೆ ನಿಂತ ಎಮ್ಮೆ ಕಾಣದೆ ಡಿಕ್ಕಿ ಹೊಡೆದ ಮೇಲೆ ಸೊಸೆ ಗೀತಾ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಎಡಗಣ್ಣಿನ ಪ್ರೆಶರ್ ಏರಿದೆ ಎಂದು ಡಾಕ್ಟರು ಒಂದು ಸಣ್ಣ ಬಾಟ್ಲಿ ಬರೆದುಕೊಟ್ಟರು.

"ಹೋದ ದೃಷ್ಟಿ ತಿರುಗಿ ಬರೂದಿಲ್ಲ ಅಜ್ಜೀ. ಇದ್ದದ್ದನ್ನ ಉಳಿಸ್ಕೊಳ್ಳಾಕ ಈ ಹನಿ. ದಿನಾ ರಾತ್ರಿ ಒಂದ. ತಪ್ಪಿಸಬ್ಯಾಡ್ರಿ."

ತಪ್ಪಿಸಲಿಲ್ಲ. ಊಟ ಮುಗಿಸಿ, ತಲೆ ಮೇಲೆತ್ತಿ, ಒಂದು ಹನಿ ಬಿಟ್ಟು, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ಕೂರುತ್ತಿದ್ದೆ. ಪೂಜೆಯಲ್ಲೂ ನಾನು ಅಷ್ಟು ಹೊತ್ತು ಸುಮ್ಮನೆ ಕೂತವಳಲ್ಲ!

ಮೂರು ತಿಂಗಳಾಗುವಷ್ಟರಲ್ಲಿ ಚಮತ್ಕಾರ ನಡೆಯಿತು. ಎಡಗಣ್ಣಿನ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ, ಕರ್ರಗೆ ಬೆಳೆದವು. ಬಲಗಣ್ಣಿಗೆ ಮಾತ್ರ ಹಳೆಯ ನಾಲ್ಕೇ ಕೂದಲು. ಒಂದು ಕಡೆ ಮದುಮಗಳು, ಇನ್ನೊಂದು ಕಡೆ ಮುದುಕಿ!

ಪಕ್ಕದ ಮನೆಯ ಶಾಂತವ್ವ ಕಟ್ಟೆಯ ಮೇಲೆ ಕೂತು ನನ್ನ ಮುಖವನ್ನೇ ದಿಟ್ಟಿಸಿದಳು.

"ಯಕ್ಕಾ, ಈ ವಯಸ್ಸಿನ್ಯಾಗ ಒಂದ ಕಣ್ಣಿಗೆ ಏನ್ ಹಚ್ಚೀ ಬೇ?"

"ಏನೂ ಹಚ್ಚಿಲ್ಲ. ಎಲ್ಲಾ ಔಷಧದ ಪ್ರತಾಪ."

"ಹಂಗಾರ ನಮ್ಮ ಸುನಂದಾಗ ಒಂದೀಟ ಕೊಡು. ಬರೂ ಐತವಾರ ಹಳಿಯಾಳದಿಂದ ಹುಡುಗನ ಕಡ್ಯಾರು ನೋಡಾಕ ಬರ್ತಾರ. ನನ್ನ ಮಗಳಿಗೆ ರೆಪ್ಪಿಗೂದ್ಲಾನ ಇಲ್ಲ!"

ನೆರೆಯವರು ಹೆಪ್ಪು ಕೇಳಿದರೆ ಇಲ್ಲ ಎನ್ನುವವರುಂಟೇ? ಆಗಷ್ಟೇ ತಂದಿದ್ದ ಹೊಸ ಬಾಟ್ಲಿಯನ್ನೇ ಕೊಟ್ಟೆ! ನನಗೆ ಮೂರು ತಿಂಗಳು ಹಿಡಿದಿತ್ತು, ಸುನಂದಾಳಿಗೆ ಇದ್ದದ್ದು ಎಂಟು ದಿನ. ಪ್ರಮಾಣವನ್ನು ನಾನೇ ಗೊತ್ತುಮಾಡಿದೆ. ಮುಂಜಾನೆ ಎರಡು ಹನಿ, ಸಂಜೆ ಎರಡು ಹನಿ, ಎರಡೂ ಕಣ್ಣಿಗೆ. ಓದಿದ ಡಾಕ್ಟರಿಗೂ ಹೊಳೆಯದ ಬುದ್ಧಿ!

ಐತವಾರ ಬಂತು. ಕೂದಲು ಒಂದೂ ಬೆಳೆದಿರಲಿಲ್ಲ. ಕಣ್ಣು ಮಾತ್ರ ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗಿದ್ದವು! ಬಾಟ್ಲಿ ಖಾಲಿ!

ಅವಲಕ್ಕಿ ತಟ್ಟೆ ಹಿಡಿದು ಬಂದ ಸುನಂದಾಳನ್ನು ಕಂಡು ಹುಡುಗನ ತಾಯಿ ಕೇಳಿಯೇಬಿಟ್ಟಳು.

"ಯವ್ವಾ, ಭಾಳ ಅತ್ತಂಗ ಕಾಣತೈತಿ. ಈ ಮದವಿಗೆ ನಿನಗ ಮನಸ್ಸೈತೋ ಇಲ್ಲೋ?"

"ಐತ್ರೀ" ಎಂದಳು ಸುನಂದಾ. ಹಾಗೆನ್ನುವಾಗಲೇ ಉರಿಗೆ ಎರಡೂ ಕಣ್ಣಿಂದ ನೀರು ದಳದಳ ಇಳಿಯಿತು! ವಿಚಾರ ಮಾಡಿ ಹೇಳುತ್ತೇವೆ ಎಂದು ಅವರು ಎದ್ದು ಹೋದರು.

ಗೀತಾಳಿಗೆ ನಿಜ ಹೇಳಿದರೆ ಹೊಸ ಬಾಟ್ಲಿ ಬರುತ್ತಿತ್ತು, ಜೊತೆಗೆ ಬೈಗುಳವೂ ಬರುತ್ತಿತ್ತು. ಬೈಗುಳ ಬೇಡವಾಯಿತು. ದಿನವೂ ಖಾಲಿ ಬಾಟ್ಲಿಯನ್ನೇ ಎತ್ತಿ ಹಿಡಿದು, ಹಿಂಡಿ, ಕಣ್ಣಿನ ಮೂಲೆ ಒತ್ತಿ, "ಆಹಾ, ತಂಪಾತು!" ಎನ್ನುತ್ತಿದ್ದೆ. ನಾಟಕ ಕಂಪನಿಯವರು ನೋಡಿದ್ದರೆ ಎತ್ತಿಕೊಂಡು ಹೋಗುತ್ತಿದ್ದರು!

ಇಪ್ಪತ್ತು ದಿನದ ಮೇಲೆ ತಪಾಸಣೆ. ಡಾಕ್ಟರು ಮುಖ ಗಂಟು ಹಾಕಿದರು.

"ಪ್ರೆಶರ್ ಮತ್ತ ಏರೈತಿ. ಹನಿ ದಿನಾ ಹಾಕ್ಕೋತಾರೇನು?"

"ನನ್ನ ಕಣ್ಣಮುಂದನ ಹಾಕ್ಕೋತಾರ್ರೀ. ಒಂದ ದಿನಾನೂ ಬಿಟ್ಟಿಲ್ಲ" ಎಂದು ಗೀತಾ ನನ್ನ ಪರವಾಗಿ ಸಾಕ್ಷಿ ನುಡಿದಳು.

"ಹಂಗಾರ ಈ ಹನಿ ಕೆಲಸ ಮಾಡವಲ್ದು. ಆಪರೇಶನ್ ವಿಚಾರ ಮಾಡಬೇಕಾಗ್ತೈತಿ."

ನಾನು ಕುರ್ಚಿಯಿಂದ ಜಿಗಿದೆದ್ದೆ.

"ಹನೀದೇನ್ ತಪ್ಪಿಲ್ರೀ ಯಪ್ಪಾ! ಬಾಟ್ಲ್ಯಾಗ ಹನೀನ ಇದ್ದಿದ್ದಿಲ್ಲ!"

ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕಥೆ ಕೇಳಿದರು. ಆಮೇಲೆ ಬೈದರು. "ಒಬ್ಬರ ಔಷಧ ಇನ್ನೊಬ್ಬರ ಕಣ್ಣಿಗೆ ಹಾಕ್ತಾರೇನ್ರೀ? ನಸೀಬು ಚಲೋ ಐತಿ, ಇದ್ದ ದೃಷ್ಟಿ ಇನ್ನೂ ಉಳದೈತಿ."

ಬಸ್ಸು ಹಳಿಯಾಳ ದಾಟಿದ ಮೇಲೆ ಗೀತಾ ಕೇಳಿದಳು. "ತಂಪಾತು ಅಂತಿದ್ರಲ್ರೀ ಅತ್ತೀ, ಏನ್ ತಂಪಾತು?"

ಹನಿ ನಿಲ್ಲಿಸಿದ್ದೇ ಸುನಂದಾಳ ಕಣ್ಣು ತಿಳಿಯಾದವು. ಶಾಂತವ್ವ ಹುಡುಗನ ಮನೆಗೆ ಹೋಗಿ ನಿಜ ಹೇಳಿದಳು, ಮದುವೆಯೂ ಗಟ್ಟಿಯಾಯಿತು. ನಿಶ್ಚಯದ ದಿನ ಹುಡುಗನನ್ನು ಬದಿಗೆ ಕರೆದು ಕೇಳಿದೆ. "ಅವತ್ತ ಆಕಿ ಕಣ್ಣು ನೋಡಿ ಅಂಜಿದಿ ಏನಪಾ?"

"ಕಣ್ಣಾ? ನಾಚಿಕ್ಯಾಗ ನಾ ತಲೀನ ಎತ್ತಿದ್ದಿಲ್ರೀ ಆಯಿ. ಅವಲಕ್ಕಿ ಮಾತ್ರ ಭಾರೀ ಇತ್ತು!"

ಒಂದು ತಟ್ಟೆ ಅವಲಕ್ಕಿಗೆ ಮುಗಿಯುವ ಕೆಲಸಕ್ಕೆ ನಾನು ಒಂದು ಕಣ್ಣನ್ನೇ ಕೊಡಲು ಹೊರಟಿದ್ದೆ!

ಈಗ ಬಾಟ್ಲಿ ಗೀತಾಳ ವಶದಲ್ಲಿದೆ. ಅವಳೇ ಹನಿ ಹಾಕುತ್ತಾಳೆ. ಬಿದ್ದ ಮೇಲೆ "ತಂಪಾತು" ಎನ್ನುವ ಹಕ್ಕೂ ನನಗಿಲ್ಲ!