ಮೂರನೇ ಅಧ್ಯಾಯದ ಪಂದ್ಯ

ಬೆಳಗಿನ ಕಾಫಿ ಯಾರು ಮಾಡಬೇಕು ಎಂಬ ಸಣ್ಣ ವಿಷಯದಿಂದ ಇಷ್ಟೆಲ್ಲ ರಾದ್ಧಾಂತವಾಯಿತು.

ಲೇಖಕ ಬರೆಯುವುದು ಪತ್ತೇದಾರಿ ಕಾದಂಬರಿ. ಅವನ ಪತ್ತೇದಾರ ಗಂಡಸನ್ನು ಪ್ರೀತಿಸುವ ಗಂಡಸು. ಲೇಖಕನೂ ಅಷ್ಟೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅವನ ಸಂಗಾತಿ ಪೇಟೆಬೀದಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು. ಹೊಸ ಪುಸ್ತಕ ಬಂದಾಗಲೆಲ್ಲ ಇಬ್ಬರಿಗೂ ಪಂದ್ಯ. ಕನ್ನಡಕದವನು ಮೂರನೇ ಅಧ್ಯಾಯ ಮುಗಿಸುವಷ್ಟರಲ್ಲಿ ಕೊಲೆಗಾರನನ್ನು ಹಿಡಿದರೆ, ಮುಂದಿನ ಪುಸ್ತಕದವರೆಗೆ ಕಾಫಿ ಲೇಖಕನ ಪಾಲು. ಇದುವರೆಗೆ ಒಂದು ಸಲವೂ ಲೇಖಕ ಗೆದ್ದಿಲ್ಲ.

ಅವನಿಗೆ ಕಾಫಿಯ ಚಿಂತೆ ಇರಲಿಲ್ಲ. ದಿನವಿಡೀ ಊರಿನವರ ಕಣ್ಣು ನೋಡುವ ಆ ಮನುಷ್ಯನ ಕಣ್ಣು ಒಮ್ಮೆಯಾದರೂ ಬೆರಗಿನಿಂದ ಅರಳಬೇಕು, ಅದನ್ನು ತಾನು ನೋಡಬೇಕು, ಇಷ್ಟೇ ಆಸೆ. ಬರೆದದ್ದನ್ನು ಯಾರೂ ಕೇಳದಿದ್ದ ಕಾಲದಲ್ಲಿ ಮನೆ ನಡೆಸಿದವನಿಗೆ ಅಷ್ಟಾದರೂ ಕೊಡಬೇಡವೇ? ಅದಕ್ಕೇ ಈ ಸಲ ಇರುವೆಯನ್ನೂ ತುಳಿಯದ, ಸ್ವೆಟರ್ ಹೆಣೆಯುವ ಅಜ್ಜಿಯ ಕೈಯಲ್ಲಿ ಕೊಲೆ ಮಾಡಿಸಿದ್ದ.

ಬಿಡುಗಡೆಯ ದಿನ ಕನ್ನಡಕದವನು ಹೊಸ ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಹೊರಟ. "ಗಿರಾಕಿ ಇಲ್ದಾಗ ಓದ್ತೀನಿ. ಸಂಜೆ ಸಭೇಲೇ ಹೇಳ್ತೀನಿ, ಆಯ್ತಾ?"

ಅವನು ತಿರುವು ದಾಟುವುದಕ್ಕೂ ಕೆಳಮನೆಯ ನಿವೃತ್ತ ಹೆಡ್‌ಮೇಡಂ ಮೆಟ್ಟಿಲ ಬಳಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಲೇಖಕ ಅವರಿಗೆ ಒಂದು ಪ್ರತಿಯನ್ನು ಮೊದಲೇ ಕೊಟ್ಟು ಕೈಸುಟ್ಟುಕೊಂಡಿದ್ದ.

"ಓದಿ ಮುಗಿಸ್ದೆ ಕಣಪ್ಪ. ನಿಮ್ಮೋರ ಹತ್ರ ಒಂದು ಮಾತು ಹೇಳ್ಲೇಬೇಕು. ಅಂಗಡೀಗೇ ಹೊರಟೆ."

"ಏನ್ ಮಾತು ಮೇಡಂ?"

"ನಿಂಗೆ ಹೇಳೋದಲ್ಲ ಅದು. ಮೇಲ್ಮನೆ ಡಾಕ್ಟ್ರಿಗೂ ಓದೋಕೆ ಕೊಟ್ಟಿದ್ದೆ. ಅವರೂ ಅದನ್ನೇ ಹೇಳ್ಬೇಕಂತೆ."

ಮೇಡಂ ಹೇಳಿದರೆಂದರೆ ಅಜ್ಜಿ ಸಿಕ್ಕಿಬಿದ್ದ ಹಾಗೇ. ಲೇಖಕ ಮನೆಚಪ್ಪಲಿಯಲ್ಲೇ ಹಿಂದಿನ ಓಣಿಯಿಂದ ಓಡಿ, ಅವರಿಗಿಂತ ಮುಂಚೆ ಅಂಗಡಿ ಸೇರಿದ.

"ಏನಾಯ್ತೋ, ಹೀಗೆ ಓಡ್ಬಂದೆ?" ಎಂದ ಕನ್ನಡಕದವನು.

ಬಾಯಿಗೆ ಬಂದ ಸುಳ್ಳು ಹೊರಬಿತ್ತು. "ಕಣ್ಣು ಮಂಜಾಗ್ತಿದೆ."

ಕಣ್ಣಿನ ವಿಷಯದಲ್ಲಿ ಕನ್ನಡಕದವನು ತಮಾಷೆ ಸಹಿಸುವವನಲ್ಲ. ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಎರಡು ಕಣ್ಣಿಗೂ ಔಷಧಿ ಬಿಟ್ಟೇಬಿಟ್ಟ. "ಪಾಪೆ ಅಗಲ ಆದ್ಮೇಲೆ ಒಳಗೆ ನೋಡ್ತೀನಿ. ರಾತ್ರಿವರೆಗೂ ಹತ್ತಿರದ್ದೇನೂ ಸರಿಯಾಗಿ ಕಾಣಲ್ಲ, ಗಾಬರಿಯಾಗ್ಬೇಡ."

ಈಗ ಸುಳ್ಳೇ ನಿಜವಾಯಿತು. ಸ್ವಲ್ಪ ಹೊತ್ತಿಗೆ ಕನ್ನಡಕದವನು ಕಣ್ಣೊಳಗೆ ನೋಡಿ ದೋಷವೇನಿಲ್ಲ ಎಂದ, ಆದರೆ ಬಾಗಿಲ ಬಿಸಿಲು ಕಣ್ಣು ಕುಕ್ಕತೊಡಗಿತ್ತು. ಆ ಬೆಳಕಿನಲ್ಲಿ ದಪ್ಪನೆಯ ಆಕೃತಿಯೊಂದು ಒಳಬಂದದ್ದೇ ತಡ, ಲೇಖಕ ಹಾರಿಬಿದ್ದು ಅದರ ಬಾಯಿ ಮುಚ್ಚಿದ. "ಮೇಡಂ, ದಮ್ಮಯ್ಯ, ಒಂದ್ಮಾತೂ ಆಡ್ಬೇಡಿ!"

ಅಂಗೈಗೆ ಮೀಸೆ ಚುಚ್ಚಿತು. ಪಾರ್ಸೆಲ್ ತಂದಿದ್ದ ಕೊರಿಯರ್‌ನವನು ಬಿದ್ದೆನೋ ಎದ್ದೆನೋ ಎಂದು ಓಡಿದ.

ಅವನ ಹಿಂದೆಯೇ ನಿಜವಾದ ಮೇಡಂ ಬಂದರು. "ಮೇಡಂ, ಕಣ್ಣೇ ಕಾಣ್ತಿಲ್ಲ, ಮನೇಗೆ ಬಿಡಿ," ಎಂದು ಲೇಖಕ ಅವರ ತೋಳಿಗೆ ಜೋತುಬಿದ್ದ. ಆ ತಾಯಿ ಬಂದ ಕೆಲಸ ಮರೆತು, ದಾರಿಯುದ್ದಕ್ಕೂ ಬೈಯುತ್ತಾ, ಒಂದೊಂದು ಗುಂಡಿಯನ್ನೂ ದಾಟಿಸಿ ಮನೆ ಸೇರಿಸಿದರು. ಮೇಲ್ಮನೆಯ ಹಲ್ಲಿನ ಡಾಕ್ಟರು ಊಟ ತಂದುಕೊಟ್ಟರು. ಇಂಥವರನ್ನು ವಂಚಿಸುತ್ತಿದ್ದೇನಲ್ಲ ಎಂದು ಲೇಖಕನಿಗೆ ನಾಚಿಕೆಯಾಯಿತು. ಆದರೂ ನರಳುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರು ಅಂಗಡಿಗೆ ಹೋದಾರು.

ಅಷ್ಟರಲ್ಲಿ ಅಮ್ಮನ ಫೋನು. ಮಗನ ಸಂಸಾರವನ್ನು ಒಪ್ಪಲಾರದೆ ವರ್ಷಗಟ್ಟಲೆ ಆ ಮನೆಯ ಹೊಸ್ತಿಲು ತುಳಿಯದ ಅಮ್ಮ, ಕನ್ನಡಕದವನನ್ನು ಇಂದಿಗೂ "ಅವನು" ಎಂದೇ ಅನ್ನುತ್ತಿದ್ದರು.

"ನೀನು ಕಳಿಸಿದ್ದ ಬುಕ್ ಓದ್ದೆ. ಅವನಿಗೆ ಕೊಡು ಫೋನು."

"ಅವನಿಲ್ಲಮ್ಮ."

"ಹಾಗಾದ್ರೆ ಸಂಜೆ ನಾನೇ ಬರ್ತೀನಿ." ಫೋನು ಕಟ್ಟಾಯಿತು.

ಸಂಜೆ ಪುಸ್ತಕದಂಗಡಿಯ ಮಹಡಿ ತುಂಬಿತ್ತು. ಓದಲು ನಿಂತ ಲೇಖಕನಿಗೆ ತನ್ನದೇ ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡಿದವು. ಪಕ್ಕದಲ್ಲೇ ನಿಂತು ಕನ್ನಡಕದವನು ಅವನ ಪರವಾಗಿ ಓದಿದ. ಪ್ರಶ್ನೆ ಕೇಳಬಹುದು ಎಂದದ್ದೇ ಮೇಡಂ ಮೈಕು ಹಿಡಿದರು. ಲೇಖಕ ಅದನ್ನು ಕಸಿಯಲು ನುಗ್ಗಿ, ತಂತಿ ತೊಡರಿ, ಪುಸ್ತಕದ ರಾಶಿಯ ಮೇಲೆ ಬಿದ್ದ. ಮೈಕು ಸತ್ತಿತು.

ಮೊದಲ ಸಾಲಿನಲ್ಲಿದ್ದ ಅಮ್ಮ ಎದ್ದರು. ಅವರಿಗೆ ಮೈಕು ಬೇಕಿರಲಿಲ್ಲ.

"ಅಲ್ವೋ, ಆ ಹುಡುಗನ್ನ ಇನ್ನೆಷ್ಟು ಸಲ ಜೈಲಿಗೆ ಹಾಕ್ತೀಯೋ?"

"ಅದನ್ನೇ ನಾನೂ ಹೇಳೋಕೆ ಬಂದಿದ್ದು!" ಎಂದರು ಮೇಡಂ. "ಆವತ್ತಿನ ಡ್ರೈವರು, ಆಮೇಲಿನ ಬ್ಯಾಂಕ್ ಮ್ಯಾನೇಜರು, ಈಗ ಈ ಅಜ್ಜಿ. ಕೊಲೆ ಮಾಡೋರೆಲ್ಲ ಲೋಟದಲ್ಲಿ ಒಂದು ಗುಟುಕು ಬಿಟ್ಟೇ ಏಳ್ತಾರೆ. ಎದುರಿಗಿರೋರ ಕನ್ನಡಕ ಕಿತ್ಕೊಂಡು ಒರೆಸಿ ಕೊಡ್ತಾರೆ. ಈ ಚಾಳಿ ಎಲ್ಲ ನಿಮ್ಮೋರದೇ ಅಲ್ವಾ? ಬೇಜಾರ್ ಮಾಡ್ಕೋಬೇಡಿ ಅಂತ ಅವರಿಗೆ ಸಮಾಧಾನ ಹೇಳೋಣ ಅಂತಿದ್ದೆ."

ಡಾಕ್ಟರು ಹೌದೆಂದು ತಲೆಯಾಡಿಸಿದರು.

ಕನ್ನಡಕದವನು ನಕ್ಕ. "ಬೇಜಾರೇನಿಲ್ಲ ಮೇಡಂ. ಮೂರನೇ ಅಧ್ಯಾಯದಲ್ಲಿ ನಾನು ಯಾವ ವೇಷದಲ್ಲಿ ಬರ್ತೀನಿ ಅಂತ ನೋಡ್ತೀನಿ, ಅಷ್ಟೆ. ಈ ಸಲ ಅಜ್ಜಿ."

ಲೇಖಕ ಪುಸ್ತಕಗಳ ನಡುವೆ ಕೂತೇ ಗೊಣಗಿದ. "ಬರೆಯೋವಾಗ ತಲೆ ಎತ್ತಿದ್ರೆ ಎದುರಿಗೆ ನೀನೇ ಇರ್ತೀಯಲ್ಲೋ. ಇನ್ಯಾರನ್ನ ನೋಡಿ ಬರೀಲಿ?"

ಸಭೆ ಗೊಳ್ಳೆಂದಿತು. ಪಕ್ಕದ ಹೆಂಗಸೊಬ್ಬರು ಕನ್ನಡಕದವನತ್ತ ಕೈ ತೋರಿಸಿ ಅಮ್ಮನನ್ನು ಕೇಳಿದರು: "ಅವರು ನಿಮಗೇನಾಗ್ಬೇಕು?"

"ಅಳಿಯ," ಎಂದರು ಅಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ.

ಲೇಖಕ ಗಡಬಡಿಸಿ ಎದ್ದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಸಂಗಾತಿಯ ಮುಖ ನೋಡಿದ. ಬರೀ ಮಂಜು. ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದೂ ತಿಳಿಯಲಿಲ್ಲ.

"ಮೇಡಂ, ಇವನ ಮುಖ ಹೇಗಾಗಿದೆ? ಬೇಗ ಹೇಳಿ!"

"ಅಯ್ಯೋ, ಈ ಕಣ್ಣು ಇಷ್ಟಗಲ ಆಗಿದೆ ಕಣಪ್ಪ, ಬಾಯಿ ತೆರೆದೇ ಇದೆ," ಎಂದರು ಮೇಡಂ, ಮೂಗೆಳೆದುಕೊಳ್ಳುತ್ತಾ. "ನೀನು ನೋಡ್ಬೇಕಿತ್ತು."

ಅಮ್ಮ ಆ ರಾತ್ರಿ ಮಗನ ಮನೆಯಲ್ಲೇ ಉಳಿದರು. ಬೆಳಗಾದಾಗ ಲೇಖಕನ ಕಣ್ಣು ನಿಚ್ಚಳವಾಗಿತ್ತು. ಅವನು ಎಲ್ಲರಿಗಿಂತ ಮೊದಲು ಎದ್ದು, ಮೂವರಿಗೂ ಕಾಫಿ ಮಾಡಿದ.