ರೊಟ್ಟಿ ತಿಂದ ಕ್ಯಾಮರಾ ಚೀಲ

ಮಖಾ ನೋಡಿ ಮಾತಾಡಸೋರು ಕಡಿಮಿ. ಹೆಗಲಿಗೆ ಏನು ಹಾಕ್ಕೊಂಡಾನ ಅಂತ ನೋಡಿ ಇಂವನ ಕಸಬು ಇಂಥಾದ್ದ ಅಂತ ಠರಾಸೋರ ಬಾಳ. ನಾ ಗೋಕಾಕದಾಗ ಫೋಟೋ ತೆಗ್ಯಾಕ ಸುರು ಮಾಡಿದ ಕಾಲಕ್ಕ ಹಿಂಗ ಆಗದ ದಿನಾನ ಇರಲಿಲ್ಲ.

ನನ್ನದು ಜರ್ಮನಿ ಕ್ಯಾಮರಾ, ಊರು ಬಿಟ್ಟು ಹೊಂಟಿದ್ದ ಒಬ್ಬ ಸಾಹೇಬ ಕೊಟ್ಟು ಹೋಗಿದ್ದು. ಕಟಿಗಿ ಪೆಟಿಗಿ, ಮುಂದ ಒಂದು ಕಾಜಿನ ಕಣ್ಣು, ನಡುವ ತಿದಿಯಂಗ ಹಿಗ್ಗಿ ಕುಗ್ಗೋ ಮಡಿಕಿ. ಆ ಕಾಜು ಒಡೀತಂದ್ರ ಪುಣೆತನಕಾ ತಿರಗಿದ್ರೂ ಇನ್ನೊಂದು ಸಿಗೂದಿಲ್ಲ. ನಾ ಮತ್ತ ಅಪ್ಪನ ಹಿಂದ ಹೊಲದಾಗ ಕುಂಟಿ ಹೊಡಿಯಾಕ ಹೋಗಬೇಕು.

ಅಂಥಾದ್ರಾಗ ಹುಕ್ಕೇರಿ ಕಚೇರಿಯ ಕಾರಕೂನರೊಬ್ಬರು ವಾರಕ್ಕೊಂದು ಕಾರ್ಡು ಬರದು ಜೀವಾ ತಿನ್ನಾಕತ್ತಿದ್ರು. ಮೂವತ್ತು ವರ್ಷಾದ್ರೂ ಅವರಿಗೆ ಮೀಸಿ ಚಿಗತಿರಲಿಲ್ಲ. "ಹುಡುಗ ಇನ್ನೂ ಸಣ್ಣಾಂವ ಅದಾನ" ಅಂತ ಮೂರು ಕಡೆ ಕನ್ಯಾದೋರು ಎದ್ದು ಹೋಗಿದ್ರು. ನಾಕನೇದು ಮೂಡಲಗಿ ಸಂಬಂಧ, ಮೊದಲ ಫೋಟೋ ಕಳಸ್ರಿ ಅಂದಿದ್ರು. "ನನ್ನ ಲಗ್ನ ನಿಮ್ಮ ಕಾಜಿನ್ಯಾಗ ಐತ್ರಿ, ಲಗೂನ ಬರ್ರಿ" ಅಂತ ಕಾರ್ಡಿನ್ಯಾಗ ಬರದಿದ್ರು. ಕಾಜು ಒಡಿಯದಂಗ ಹುಕ್ಕೇರಿ ಮುಟ್ಟಬೇಕಂದ್ರ ಒಂದು ಛಲೋ ಹೆಗಲ ಚೀಲ ಬೇಕಾತು.

ಕಾವಿ ಜೋಳಗಿ

ಸಂತ್ಯಾಗ ಎಲ್ಲಾಕಿಂತ ದಪ್ಪನ್ನ ಬಟ್ಟಿ ಯಾವುದಂತ ಕೇಳಿದೆ. ಅಂಗಡಿಯಾಂವ ಕಾವಿ ಬಟ್ಟಿ ತೋರಿಸಿದ. ಅದರ್ದ ಜೋಳಗಿ ಹೊಲಿಸಿ, ಪರೀಕ್ಷಾ ಮಾಡೂಣು ಅಂತ ನಾಗನೂರತನಕಾ ನಡಕೋತ ಹೋದೆ.

ಊರ ಬಾಗಲಾಗ ಒಬ್ಬಾಕಿ ಮುದುಕಿ "ನಿಲ್ರಿ ಅಯ್ಯಾರ" ಅಂದ್ಲು. ಯಾರನ್ನ ಕರ್ಯಾಕತ್ಯಾಳ ಅಂತ ನಾ ಹಿಂದ ತಿರಗಿ ನೋಡೂದ್ರಾಗ ಕೈಯಾಗಿನ ಕೇರೋ ಮರದಾಗಿದ್ದ ಜ್ವಾಳ ಪೂರಾ ಕ್ಯಾಮರಾದ ಮ್ಯಾಲೆ ಸುರದು ನಮಸ್ಕಾರ ಮಾಡಿದ್ಲು.

"ಯವ್ವಾ, ನಾ ಜಂಗಮ ಅಲ್ಲ, ಫೋಟೋ ತೆಗ್ಯಾಂವ" ಅಂದೆ.

ಅಕಿ ನನ್ನ ಒಣಗಿದ ಮಖಾ ನೋಡಿದ್ಲು. "ಇರ್ಲಿ ತಗೋಪಾ. ಹೊಟ್ಟಿ ಅವರಿಗಷ್ಟ ಐತೇನು?" ಅಂತ ಒಳಗ ಹೋಗಿ ಇನ್ನೊಂದು ಮರ ತಂದು ಸುರದ್ಲು.

ಚರ್ಮದ ಚೀಲ

ಮೂಡಲಗ್ಯಾಗ ಚಪ್ಪಲಿ ಹೊಲಿಯೋ ಕಾಕಾ ಒಬ್ಬಾಂವ ಇದ್ದ. ಅಳತಿ ಪಟ್ಟಿ ಮುಟ್ಟಲಿಲ್ಲ. ಕ್ಯಾಮರಾದ ಮ್ಯಾಲೆ ಒಮ್ಮೆ ಗೇಣು ಹಾಕಿದ, ಕಣ್ಣು ಮುಚ್ಚಿದ, "ನಾಳೆ ಬಾ" ಅಂದ. ಮರದಿವಸ ಕ್ಯಾಮರಾ ಒಳಗಿಟ್ರ ಕೂದಲೆಳಿ ಹೋಗಾಕ ಸಂದಿಲ್ಲ. ಅಂಥಾ ಕೈಗೆ ಸಲಾಮ ಹೊಡೀಬೇಕು ನೋಡ್ರಿ.

ಆ ಚೀಲ ಹಾಕ್ಕೊಂಡು ಗೋಕಾಕದ ಒಬ್ಬ ಜೈನ ವ್ಯಾಪಾರಿ ಮನಿಗೆ ಹೋದೆ. ಹಿರ್ಯಾರು ಬಾಗಲಾಗ ತಡದ್ರು. "ಚರ್ಮದ್ದು ಒಳಗ ಬ್ಯಾಡ್ರಿ." ಚೀಲ ಕಟ್ಟಿ ಮ್ಯಾಲೆ ಬಿಟ್ಟು ಕ್ಯಾಮರಾ ಅಷ್ಟ ಎತ್ತಿಕೊಂಡೆ. ಹಿರ್ಯಾರ ಕಣ್ಣು ಅದಕ್ಕೂ ಬಿತ್ತು. "ಆ ಮಡಿಕಿ ಮಡಿಕಿ ಐತೆಲ್ಲ, ಅದು ಯಾತರದು?"

ಸುಳ್ಳು ಹೇಳಾಕ ಬಾಯಿ ಬರಲಿಲ್ಲ. "ಅದೂ ಚರ್ಮದ್ದರಿ" ಅಂದೆ.

ಹಿರ್ಯಾರು ನಕ್ಕರು. "ಖರೆ ಹೇಳಿದ್ರಿ. ನೀವು ಒಳಗ ಬರೂದು ಬ್ಯಾಡ, ನಾನ ಹೊರಗ ಬರ್ತೇನಿ." ಅಂಥಾ ದೊಡ್ಡ ಮನಷ್ಯಾ ನನ್ನ ಸಲವಾಗಿ ಓಣ್ಯಾಗ ಖುರ್ಚಿ ಹಾಕಿಸಿದ್ರು. ಹೊಸ್ತಿಲ ದಾಟಿ ಬಂದು ಚಪ್ಪಲಿ ಮೆಟ್ಟಿದ್ರು. ಅವು ಯಾತರವು ಅಂತ ನಾ ಕೇಳಲಿಲ್ಲ.

ಕೌದಿ ಚೀಲ

ಚರ್ಮದ ಚೀಲ ತಗೊಂಡು ಅರ್ಧಾ ಊರ ಮನಿಯೊಳಗ ಹೋಗಾಕ ಬರೂದಿಲ್ಲಂತ ಗೊತ್ತಾತು. ನನ್ನ ಚಿಂತಿ ಕೇಳಿ ಘೋಡಗೇರಿ ದೊಡ್ಡವ್ವ ಬಂದ್ಲು. ಅವ್ವನ ಹಳೀ ಸೀರಿ, ಅಪ್ಪನ ಧೋತರ, ಎಲ್ಲಾ ಪದರ ಪದರ ಹಾಸಿ, ಎಂಟು ದಿನ ಕುಂತು ಕೌದಿ ಹೊಲದಂಗ ಚೀಲ ಹೊಲದ್ಲು. ಕಡೀಕ ಒಂದು ಮೂಲಿ ಬಿಚ್ಚ ಬಿಟ್ಟು, ಅದರಾಗ ರೊಟ್ಟಿ ಚೂರು, ಬೆಲ್ಲ ತುರಕಿ ಹೊಲಗಿ ಹಾಕಿದ್ಲು. ನಮ್ಮ ಕಡೆ ಹೊಸಾ ಕೌದಿಗೆ ಹಂಗ ಉಣಸೂದು ರೂಢಿ.

"ದೊಡ್ಡವ್ವಾ, ಇದು ಚೀಲ. ಇದಕ್ಕ್ಯಾಕ ರೊಟ್ಟಿ?"

"ಹಸದಿದ್ದು ಯಾವುದೂ ಇನ್ನೊಬ್ಬರನ್ನ ಕಾಯೂದಿಲ್ಲೋ" ಅಂದ್ಲು.

ಅದನ್ನ ಎದಿಗೆ ಅವಚಿಕೊಂಡು ಹುಕ್ಕೇರಿ ಮೋಟಾರು ಹತ್ತಿದೆ. ಒಬ್ಬಾಕಿ ಹೆಣಮಗಳು "ಕೂಸು ಮಲಗೇತಿ, ಕುಂದರ್ರಿ" ಅಂತ ಎದ್ದು ಜಾಗಾ ಬಿಟ್ಲು. ನಾ ಸುಮ್ಮನ ಕುಂತೆ, ತಪ್ಪು ನಂದ. ತೆಗ್ಗಿನ್ಯಾಗ ಮೋಟಾರು ಜಿಗೀತು, ಚೀಲ ಕೈ ಜಾರಿ ಉರಳಿ ಬಾಗಲದಿಂದ ಹೊರಗ ಬಿತ್ತು. ಕೂಸು ಬಿತ್ತಂತ ಮೋಟಾರಿನ್ಯಾಗ ಎಲ್ಲಾರೂ ಬಾಯಿ ಬಡಕೊಂಡ್ರು. ಮೋಟಾರು ನಿಲ್ಲೂದ್ರಾಗ ನಾ ಜಿಗದು ಓಡಿ ಹೋಗಿ ಚೀಲ ಬಿಚ್ಚಿದೆ. ಕಾಜಿಗೆ ಒಂದು ಗೀರಿಲ್ಲ. ಅಲ್ಲೇ ರಸ್ತಾದಾಗ ಕುಂತು ದೊಡ್ಡವ್ವನ್ನ ನೆನಸಿ ಅತ್ತಬಿಟ್ಟೆ.

ಹಿಂದ ಓಡಿ ಬಂದಿದ್ದ ಆ ಹೆಣಮಗಳು ಬಗ್ಗಿ ನೋಡಿದ್ಲು. "ಡಬ್ಬಿ ಐತಲ್ಲೋ ಇದು" ಅಂದಾಕಿನ ಹೋಗಿ ತನ್ನ ಜಾಗಾದಾಗ ಕುಂತ್ಲು. ಹುಕ್ಕೇರಿತನಕಾ ನಾ ನಿಂತ ಬಂದೆ.

ಮೀಸಿ

ಕಾರಕೂನರು ಕರಿ ಕೋಟು ಹಾಕ್ಕೊಂಡು ತಯಾರಿದ್ರು. ನನ್ನ ಹಂತ್ಯಾಕ ಇದ್ದದ್ದು ಫೋಟೋ ಮೂಡೋ ಕಾಜಿನ ಪ್ಲೇಟು ಎರಡ. ಅವರಿಗೆ ಎರಡು ನಿಮಿಷ ಸುಮ್ಮನ ಕುಂದ್ರೂದಂದ್ರ ಜೀವಾ ಹೋದಂಗ. ಮೊದಲನೇ ಪ್ಲೇಟಿಗೆ ಸೀನಿದ್ರು. ಎರಡನೇದಕ್ಕ ಮೂಗು ಹಿಡಕೋರಿ ಅಂದೆ, ಹಿಡಕೊಂಡ್ರು, ಆ ಕೈ ಬಿಡಸಿ ಫೋಟೋ ತೆಗದೆ.

ತೊಳದು ನೋಡಿದ್ರ ಕೆಲಸಾ ಕೆಟ್ಟಿತ್ತು. ದೊಡ್ಡವ್ವನ ಬೆಲ್ಲಕ್ಕ ಬಂದ ಒಂದು ಕರಿ ಗೊದ್ದ ಇರಿವಿ ಪ್ಲೇಟಿನ ಮ್ಯಾಲೆ ಹತ್ತಿ ಕುಂತಿತ್ತು. ಅದು ಕುಂತಲ್ಲಿ ಬೆಳಕು ಬಿದ್ದಿಲ್ಲ, ಫೋಟೋದಾಗ ಅಲ್ಲಿ ಕರ್ರಗ ಆಗೇತಿ. ಅದೂ ಎಲ್ಲಿ, ಕಾರಕೂನರ ಮೂಗಿನ ಕೆಳಗ, ಅಡ್ಡಕ.

ಕೈ ಮುಗದು ತಪ್ಪಾತ್ರಿ ಅಂದೆ. ಕಾರಕೂನರು ಫೋಟೋ ಹಿಡಕೊಂಡು ಕನ್ನಡಿ ನೋಡಿದಂಗ ನೋಡಿದ್ರು. "ಇದನ್ನ ಕಳಸ್ರಿ" ಅಂದ್ರು. ಕಳಿಸಿದ್ವಿ. ಹುಡಿಗಿ ಒಪ್ಪಿದ್ಲು. ಲಗ್ನದಾಗ ಮೀಸಿ ಎಲ್ಲೈತಂತ ಮಾವ ಕೇಳಿದ್ದಕ್ಕ ಕಾರಕೂನರು "ಬ್ಯಾಸಗಿ ಐತೆಲ್ರಿ, ತೆಗಿಸೇನಿ" ಅಂದ್ರಂತ.

ಲಗ್ನಾದ ಮ್ಯಾಲೆ ಗಂಡ ಹೆಂಡ್ತಿ ಜೋಡಿ ಫೋಟೋಕ್ಕ ಬಂದ್ರು. ನನಗ ಮನಸು ತಡೀಲಿಲ್ಲ. "ತಂಗಿ, ಆ ಫೋಟೋದಾಗ ಇದ್ದದ್ದು ಮೀಸಿ ಅಲ್ಲವ್ವಾ" ಅಂದೆ.

"ಗೊತ್ತೈತ್ರಿ ಅಣ್ಣಾರ. ಮೀಸಿಗೆ ಆರು ಕಾಲು ಇರತಾವೇನ್ರಿ?" ಅಂದ್ಲು. "ನಮ್ಮಪ್ಪ ಮೀಸಿ ಅಂದ. ನಾ ಬೆಳಕಿಗೆ ಹಿಡದು ನೋಡಿದೆ. ಅಷ್ಟು ದೊಡ್ಡ ಗೊದ್ದ ತುಟಿ ಮ್ಯಾಲೆ ಕುಂತ್ರೂ ಈ ಮನಷ್ಯಾ ಹುಬ್ಬು ಸೈತ ಅಳ್ಳಾಡಿಸಿಲ್ಲ. ಇಂಥಾ ತಾಳ್ಮಿ ಇದ್ದಾಂವ ಹುಡಕಿದ್ರೂ ಸಿಗಾಂಗಿಲ್ಲ ಅಂತ ಹೂಂ ಅಂದೆ."

ನಾ ಕ್ಯಾಮರಾದ ಕರಿ ಬಟ್ಟಿಯೊಳಗ ಹೊಕ್ಕೆ. ಅಷ್ಟರಾಗ ಕಾರಕೂನರು ಸೀನಿದ್ರು.